ಹತ್ತು, ಒಂಬತ್ತು, ಎಂಟು: ಮಕ್ಕಳ ಸಹಾಯವಾಣಿಗೆ ಕರೆ ಮಾಡಿದ ಮೇಷ್ಟ್ರೊಬ್ಬರ ವಿಮರ್ಶೆ

ಸರ್ಕಾರಿ ಶಾಲೆಯ ಕಾಂಪೌಂಡಿನ ಮೇಲೆ, ರೈಲು ನಿಲ್ದಾಣದ ಕಂಬದ ಮೇಲೆ, ಅಂಗನವಾಡಿಯ ಬಾಗಿಲ ಪಕ್ಕದಲ್ಲಿ ಬರೆದಿರುವ 1098 ಎಂಬ ನಾಲ್ಕು ಅಂಕಿಗಳನ್ನು ನೋಡದವರು ಕಡಿಮೆ. ಒತ್ತಿ ನೋಡಿದವರು ಇನ್ನೂ ಕಡಿಮೆ. ಪ್ರೌಢಶಾಲೆಯಲ್ಲಿ 31 ವರ್ಷ ಗಣಿತ ಪಾಠ ಮಾಡಿದ ನಾನು ಆ ಅಂಕಿಗಳ ಎದುರಿನಲ್ಲೇ ದಿನವೂ ಓಡಾಡಿದ್ದೆನಾದರೂ ಅವುಗಳನ್ನು ಒತ್ತುವ ಪ್ರಸಂಗ ಬಂದದ್ದು ನಿವೃತ್ತನಾದ ಮೇಲೆ, 2024ರ ಮಳೆಗಾಲದಲ್ಲಿ. ಹೋಟೆಲು, ಮಿಕ್ಸಿ, ಮೊಬೈಲುಗಳಿಗೆಲ್ಲ ವಿಮರ್ಶೆ ಬರೆಯುವವರಿದ್ದಾರೆ. ಬಳಸಿದವರು ನಾಲ್ಕು ಜನರ ಮುಂದೆ ಹೇಳಿಕೊಳ್ಳಲಾಗದ ಈ ಸೇವೆಗೆ ವಿಮರ್ಶೆ ಬರೆದವರು ನನಗೆ ಕಾಣಲಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಓಡಿಹೋದ ಮಕ್ಕಳು, ಬಾಲ್ಯವಿವಾಹ, ಬಾಲಕಾರ್ಮಿಕರು, ಹೀಗೆ ಈ ಸಹಾಯವಾಣಿಗೆ ಹಲವು ಕೆಲಸಗಳಿವೆ, ಅವುಗಳ ಬಗ್ಗೆ ಹೇಳುವ ಅಧಿಕಾರ ನನಗಿಲ್ಲ. ಮನೆಯಿಂದ ಹೊರಗೆ, ಹಾಸ್ಟೆಲ್ಲಿನಲ್ಲೋ ಬಾಲಮಂದಿರದಲ್ಲೋ ಆಶ್ರಮದಲ್ಲೋ ಬೆಳೆಯುತ್ತ, ತನ್ನನ್ನು ನೋಡಿಕೊಳ್ಳಬೇಕಾದವರಿಂದಲೇ ಪೆಟ್ಟು ತಿನ್ನುತ್ತಿರುವ ಮಗುವಿಗೆ ಇದು ಎಷ್ಟರಮಟ್ಟಿಗೆ ಒದಗುತ್ತದೆ ಎಂಬ ಒಂದೇ ಪ್ರಶ್ನೆಗೆ ನನ್ನ ವಿಮರ್ಶೆ ಸೀಮಿತ.

ಮೊದಲೇ ಒಂದು ಮಾತು. ಇಂಥ ಪ್ರಕರಣಗಳಲ್ಲಿ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಹತ್ತುವಂಥ ಮತ್ಯಾವ ವಿವರವನ್ನೂ ಪ್ರಕಟಿಸಕೂಡದೆಂದು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಹೇಳುತ್ತದೆ. ಆದ್ದರಿಂದ ಹಾಸ್ಟೆಲ್ಲಿನ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ನಾನು ಇಲ್ಲಿ ಬರೆದಿಲ್ಲ. ಓದುಗರು ಊಹಿಸುವ ಗೋಜಿಗೂ ಹೋಗಬಾರದೆಂದು ವಿನಂತಿ.

ನಮ್ಮ ತಾಲ್ಲೂಕಿನಲ್ಲಿ ಒಂದು ಟ್ರಸ್ಟ್ ನಡೆಸುವ ಉಚಿತ ಬಾಲಕರ ಹಾಸ್ಟೆಲ್ಲಿಗೆ ಭಾನುವಾರದ ಹೊತ್ತು ಹೋಗಿ ಗಣಿತ ಹೇಳಿಕೊಡುತ್ತಿದ್ದೆ. ಐದನೆಯ ತರಗತಿಯಿಂದ ಎಸ್ಸೆಸ್ಸೆಲ್ಸಿಯವರೆಗಿನ ಸುಮಾರು 60 ಹುಡುಗರು. ಬಹುಪಾಲು ಕೂಲಿಯವರ ಮಕ್ಕಳು, ಕೆಲವರಿಗೆ ತಂದೆಯಿಲ್ಲ, ಇಬ್ಬರಿಗೆ ಯಾರೂ ಇಲ್ಲ. ಆರನೆಯ ತರಗತಿಯ ಹುಡುಗನೊಬ್ಬ ಆ ದಿನ ಬೆಂಚಿನ ತುದಿಯಲ್ಲಿ ಅರ್ಧ ಎದ್ದವನಂತೆ ಕೂತಿದ್ದ. ಬೋರ್ಡಿಗೆ ಕರೆದರೆ ಕುಂಟುತ್ತ ಬಂದ. ಬಿದ್ದೆ ಎಂದ. ಚಡ್ಡಿಯ ಕೆಳಗೆ ಮೀನಖಂಡದ ಮೇಲೆ ಒಂದರ ಪಕ್ಕ ಒಂದು ಎದ್ದಿದ್ದ ಬಾಸುಂಡೆಗಳು ಬಿದ್ದು ಆಗುವಂಥವಲ್ಲ ಎಂದು ತಿಳಿಯಲು ನನಗೆ ವೈದ್ಯರು ಬೇಕಿರಲಿಲ್ಲ. ಯಾಕೆಂದರೆ ನಾನೂ ಬೆತ್ತ ಹಿಡಿದ ಕಾಲದವನು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸುವವರೆಗೆ ನನ್ನ ಮೇಜಿನ ಮೇಲೂ ಒಂದು ಹುಣಸೆ ಬರಲಿತ್ತು. ಅದರ ಗುರುತು ಹೇಗಿರುತ್ತದೆಂದು ಬಲ್ಲೆ. ಇದು ಬರಲಿನ ಗುರುತಲ್ಲ, ವೈರಿನದು.

ಅಡುಗೆಯವರಿಗೆ ಸಹಾಯಕನಾಗಿ ಬಂದ ಒಬ್ಬಾತ, ರಾತ್ರಿ ಉಳಿಯುವ ಮೇಲ್ವಿಚಾರಕರು ಕೆಲಸ ಬಿಟ್ಟ ಮೇಲೆ, ಯಾರ ಆದೇಶವೂ ಇಲ್ಲದೆ ರಾತ್ರಿ ಹುಡುಗರನ್ನು ನೋಡಿಕೊಳ್ಳುವವನಾಗಿದ್ದ. ಹೊಡೆದವನು ಅವನೇ. ವ್ಯವಸ್ಥಾಪಕರಿಗೆ ಹೇಳಿದೆ. ‘ಮಕ್ಕಳು ಅಂದ ಮೇಲೆ ಬೀಳ್ತವೆ, ಏಳ್ತವೆ ಮೇಷ್ಟ್ರೇ. ನೀವು ಗಣಿತ ನೋಡಿಕೊಳ್ಳಿ’ ಎಂದರು. ಮಾತಿನಲ್ಲಿ ಸಿಟ್ಟೇನೂ ಇರಲಿಲ್ಲ, ಕಾಫಿ ಕೊಟ್ಟೇ ಹೇಳಿದರು. ಅದೇ ಕೋಣೆಯಲ್ಲಿ, ಅವರ ಕುರ್ಚಿಯ ಹಿಂದಿನ ಗೋಡೆಗೆ, 1098 ಎಂದು ದೊಡ್ಡದಾಗಿ ಅಚ್ಚಾದ ಫಲಕ ನೇತುಹಾಕಿತ್ತು.

ಬಸ್ ನಿಲ್ದಾಣದಲ್ಲಿ ನಿಂತು ಕರೆ ಮಾಡಿದೆ. ಸೇವೆಯ ಗುಣಮಟ್ಟ ಕೇಳುವವರಿಗಾಗಿ ಹೇಳುತ್ತೇನೆ: ಕರೆಗೆ ಹಣವಿಲ್ಲ, ದಿನದ 24 ಗಂಟೆಯೂ ಕೆಲಸ ಮಾಡುತ್ತದೆ. ನನ್ನ ಕರೆಯನ್ನು ಬೇಗನೆ ತೆಗೆದುಕೊಂಡರು, ಆ ಕಡೆಯಿಂದ ಬಂದದ್ದು ನೆಟ್ಟಗಿನ ಕನ್ನಡ. ‘ನೀವು ಯಾರು’ ಎನ್ನುವುದಕ್ಕಿಂತ ಮೊದಲು ಆ ಹೆಣ್ಣುಮಗಳು ಕೇಳಿದ್ದು ‘ಹುಡುಗ ಈಗ ಎಲ್ಲಿದ್ದಾನೆ, ಹೊಡೆದವರು ಈ ರಾತ್ರಿಯೂ ಅದೇ ಕಟ್ಟಡದಲ್ಲಿ ಇರುತ್ತಾರಾ’ ಎಂದು. ಆ ಪ್ರಶ್ನೆಯೊಂದಕ್ಕೇ ನಾನು ಒಂದು ನಕ್ಷತ್ರ ಕೊಡುತ್ತೇನೆ. ಆಮೇಲೆ ವಯಸ್ಸು, ತರಗತಿ, ನಾನು ಕಣ್ಣಾರೆ ಕಂಡದ್ದು ಯಾವುದು, ಕೇಳಿ ತಿಳಿದದ್ದು ಯಾವುದು, ಬೇರೆ ಮಕ್ಕಳಿಗೂ ಹೀಗಾಗಿದೆಯೇ, ಎಲ್ಲವನ್ನೂ ಬಿಡಿಸಿ ಕೇಳಿ ಬರೆದುಕೊಂಡರು. ಹೆಸರು ಹೇಳದೆಯೂ ದೂರು ಕೊಡಬಹುದೆಂದರು, ನಾನು ಹೇಳಿದೆ. ಕೊನೆಗೆ, ‘ದಯವಿಟ್ಟು ಹುಡುಗನನ್ನು ಮತ್ತೆ ಕರೆದು ಏನೇನಾಯಿತು ಅಂತ ಕೇಳಬೇಡಿ ಸಾರ್, ಅದನ್ನು ನಮ್ಮವರು ಒಂದೇ ಸಲ ಕೂತು ಕೇಳುತ್ತಾರೆ’ ಎಂದರು. ನೊಂದ ಮಗುವಿನ ಬಾಯಲ್ಲಿ ಅದೇ ಕಥೆಯನ್ನು ಹತ್ತು ಜನ ಹತ್ತು ಸಲ ಹೇಳಿಸುವುದೂ ಒಂದು ಹಿಂಸೆ ಎಂಬುದು ಅವತ್ತು ನನಗೆ ಹೊಸದಾಗಿ ಹೊಳೆಯಿತು. ಊರಿನವರು ಅನುಕಂಪದಿಂದ ಮಾಡುವ ಮೊದಲ ತಪ್ಪೂ ಅದೇ.

ಮರುದಿನ ಜಿಲ್ಲೆಯಿಂದ ಇಬ್ಬರು ಬಂದರು, ಒಬ್ಬರು ಮಹಿಳೆ. ವ್ಯವಸ್ಥಾಪಕರು ತಮ್ಮ ಕೋಣೆಯಲ್ಲೇ ಕುರ್ಚಿ ಹಾಕಿಸಿದರಂತೆ. ಅವರು ಅದನ್ನು ಬಿಟ್ಟು ಮಕ್ಕಳನ್ನು ನಾಲ್ಕು ನಾಲ್ಕು ಜನರಂತೆ ತಾರಸಿಗೆ ಕರೆದುಕೊಂಡು ಹೋಗಿ, ಸಿಬ್ಬಂದಿಯನ್ನು ಕೆಳಗೇ ನಿಲ್ಲಿಸಿ ಮಾತಾಡಿದರಂತೆ. ‘ಅಂತೆ’ ಎನ್ನುತ್ತಿರುವುದು ನಾನಲ್ಲಿ ಇರಲಿಲ್ಲವಾದ್ದರಿಂದ. ಹುಡುಗರು ಆಮೇಲೆ ತಾವಾಗಿಯೇ ಹೇಳಿದ್ದು. ಬಾಸುಂಡೆಗಳು ಒಬ್ಬನ ಕಾಲಿನಲ್ಲಷ್ಟೇ ಇರಲಿಲ್ಲ. ಮೂವರು ಮಕ್ಕಳನ್ನು, ಇಂಥ ಮಕ್ಕಳು ಎಲ್ಲಿರಬೇಕೆಂದು ತೀರ್ಮಾನಿಸುವ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿದರು, ಹೊಡೆದವನ ಮೇಲೆ ಪೊಲೀಸ್ ಪ್ರಕರಣವಾಯಿತು, ನನ್ನ ಹೇಳಿಕೆಯನ್ನೂ ಪಡೆದರು. ಪ್ರಕರಣ ನ್ಯಾಯಾಲಯದಲ್ಲಿರುವುದರಿಂದ ಅದರ ಬಗ್ಗೆ ಇಷ್ಟೇ.

ಒಬ್ಬ ಬಳಕೆದಾರನ ಒಂದು ಕರೆಯಿಂದ ಇಡೀ ರಾಜ್ಯದ ಸೇವೆಯನ್ನು ಅಳೆಯುವುದು ಒಂದು ಅಗುಳಿನಿಂದ ಅನ್ನ ಬೆಂದಿದೆಯೆಂದು ತಿಳಿದಂತಲ್ಲ. ಇಲ್ಲಿ ಪ್ರತಿ ಜಿಲ್ಲೆಯಲ್ಲೂ ಒಲೆ ಬೇರೆ, ಅಕ್ಕಿ ಬೇರೆ. ಆದ್ದರಿಂದ ಕರೆಯಾದ ಮೇಲಿನ ತಿಂಗಳುಗಳಲ್ಲಿ ಈ ಸೇವೆಯ ರಚನೆಯನ್ನು ಸ್ವಲ್ಪ ಓದಿಕೊಂಡೆ. ಇದು ಹುಟ್ಟಿದ್ದು 1996ರಲ್ಲಿ, ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ, ಜೆರೂ ಬಿಲ್ಲಿಮೋರಿಯಾ ಅವರ ಪ್ರಯತ್ನದಿಂದ. ಹತ್ತು, ಒಂಬತ್ತು, ಎಂಟು ಎಂದು ಹಿಂದಕ್ಕೆ ಎಣಿಸಿದರೆ ಬರುವ ಸಂಖ್ಯೆ. ಅಕ್ಷರ ಬಾರದ ಮಗುವಿನ ನಾಲಿಗೆಯಲ್ಲೂ ನಿಲ್ಲುತ್ತದೆ. ಆಗ ಅದು ಬೀದಿಯ ಮಕ್ಕಳ ಸೇವೆ. ಬೀದಿಯ ಮಗುವಿನ ಸುತ್ತ ಗೋಡೆಯಿಲ್ಲ, ಹತ್ತಿರದಲ್ಲಿ ನಾಣ್ಯದ ಫೋನಿತ್ತು, ಹೇಗೋ ಕರೆ ಮಾಡುತ್ತಿತ್ತು. 1999ರಲ್ಲಿ ಚೈಲ್ಡ್‌ಲೈನ್ ಇಂಡಿಯಾ ಫೌಂಡೇಶನ್ ಆಗಿ, ಊರೂರಿನ ಸ್ವಯಂಸೇವಾ ಸಂಸ್ಥೆಗಳ ಮೂಲಕ, ಕರೆ ಬಂದ 60 ನಿಮಿಷಗಳೊಳಗೆ ಮಗುವಿನ ಬಳಿ ತಲುಪುವ ಗುರಿಯಿಟ್ಟುಕೊಂಡು ದಶಕಗಳ ಕಾಲ ನಡೆಯಿತು. 2023ರಲ್ಲಿ, ಮಕ್ಕಳ ರಕ್ಷಣೆಯ ಕೇಂದ್ರ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಸರ್ಕಾರವೇ ಇದನ್ನು ವಹಿಸಿಕೊಂಡು, ತುರ್ತು ಕರೆಯ 112ರ ಜೊತೆ ಜೋಡಿಸಿ, ರಾಜ್ಯಮಟ್ಟದಲ್ಲಿ ನಿಯಂತ್ರಣ ಕೊಠಡಿಯನ್ನೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಸಹಾಯವಾಣಿ ತಂಡವನ್ನೂ ಇಟ್ಟಿತು.

ಈ ಬದಲಾವಣೆಯ ಬಗ್ಗೆ ಮಕ್ಕಳ ಹಕ್ಕುಗಳ ಕಾರ್ಯಕರ್ತರಲ್ಲಿ ಎರಡು ಅಭಿಪ್ರಾಯಗಳಿವೆ. ನನ್ನ ಪ್ರಶ್ನೆಯ ಮಟ್ಟಿಗೆ ಲಾಭವೂ ಇದೆ, ನಷ್ಟವೂ ಇದೆ. ಸ್ವಯಂಸೇವಾ ಸಂಸ್ಥೆಯವರು ಖಾಸಗಿ ಹಾಸ್ಟೆಲ್ಲಿನ ಗೇಟಿನ ಮುಂದೆ ನಿಂತರೆ ‘ನೀವು ಯಾರು ಕೇಳೋದಕ್ಕೆ’ ಎಂದು ಕಾವಲುಗಾರನೂ ಕೇಳಬಲ್ಲ. ಜಿಲ್ಲಾ ಘಟಕದ ಗುರುತಿನ ಚೀಟಿಗೆ ಗೇಟು ತೆರೆಯುತ್ತದೆ. ಆದರೆ ಪೆಟ್ಟು ಬಿದ್ದದ್ದು ಸರ್ಕಾರಿ ಬಾಲಮಂದಿರದಲ್ಲೇ ಆಗಿದ್ದರೆ? ಬಾಲಮಂದಿರ ನಡೆಸುವುದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ಜಿಲ್ಲಾ ಘಟಕ ಬರುವುದು ಅದೇ ಇಲಾಖೆಯಡಿ, ಸಹಾಯವಾಣಿಯೂ ಈಗ ಅದರದ್ದೇ. ದೂರು ಕೇಳುವ ಕಿವಿ, ದೂರಿಗೆ ಗುರಿಯಾಗುವ ಕೈ, ಎರಡೂ ಒಂದೇ ಮೈಯಲ್ಲಿದ್ದರೆ ಯಾವುದು ಯಾವುದರ ಮಾತು ಕೇಳುತ್ತದೆ ಎಂಬ ಅನುಮಾನ ಸಹಜ. ಅಲ್ಲಿ ಕೆಲಸ ಮಾಡುವವರ ಪ್ರಾಮಾಣಿಕತೆಯ ಮೇಲೆ ನನಗೆ ಸಂದೇಹವಿದೆ ಎಂದಲ್ಲ. ನನ್ನ ಕರೆಗೆ ಬಂದವರು ಪ್ರಾಮಾಣಿಕರೇ ಆಗಿದ್ದರು. ಆದರೆ ಸೇವೆಯ ರಚನೆಯನ್ನು ಒಳ್ಳೆಯವರು ಸಿಕ್ಕ ದಿನವನ್ನು ನೋಡಿ ಅಳೆಯಲಾಗದು.

ಬಿಹಾರದ ಮುಜಫ್ಫರ್‌ಪುರದ ಬಾಲಿಕಾ ಗೃಹದ ಪ್ರಕರಣವನ್ನು ಇಲ್ಲಿ ನೆನೆಯಲೇಬೇಕು. ಸರ್ಕಾರದ ಅನುದಾನ ಪಡೆಯುತ್ತಿದ್ದ, ಕಾಗದದ ಮೇಲೆ ಎಲ್ಲ ಮೇಲ್ವಿಚಾರಣೆಯೂ ಇದ್ದ ಆ ಗೃಹದಲ್ಲಿ ಹೆಣ್ಣುಮಕ್ಕಳ ಮೇಲೆ ನಡೆಯುತ್ತಿದ್ದ ಲೈಂಗಿಕ ದೌರ್ಜನ್ಯ ಹೊರಬಿದ್ದದ್ದು ಇಲಾಖೆಯ ತಪಾಸಣೆಯಿಂದಲ್ಲ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ‘ಕೋಶಿಶ್’ ತಂಡ ಬಿಹಾರದ ನೂರಕ್ಕೂ ಹೆಚ್ಚು ಆಶ್ರಯಗೃಹಗಳಲ್ಲಿ ನಡೆಸಿದ ಸಾಮಾಜಿಕ ಲೆಕ್ಕಪರಿಶೋಧನೆಯ ವರದಿ 2018ರಲ್ಲಿ ಸರ್ಕಾರದ ಕೈಸೇರಿದ ಮೇಲೆ. ಮುಂದೆ ಸಿಬಿಐ ತನಿಖೆಯಾಗಿ, ವಿಚಾರಣೆ ದೆಹಲಿಗೆ ವರ್ಗವಾಗಿ, 2020ರ ಜನವರಿಯಲ್ಲಿ 19 ಜನ ಅಪರಾಧಿಗಳೆಂದು ತೀರ್ಪು ಬಂತು. ಆ ಹತ್ತೊಂಬತ್ತು ಜನರಲ್ಲಿ ಗೃಹ ನಡೆಸುತ್ತಿದ್ದವನ ಜೊತೆಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಅಧ್ಯಕ್ಷನಾಗಿದ್ದವನೂ ಮಕ್ಕಳ ರಕ್ಷಣಾಧಿಕಾರಿಯಾಗಿದ್ದವನೂ ಇದ್ದರೆಂಬುದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಲ್ಲಿನ ಹುಡುಗಿಯರು ದೂರು ಹೇಳಬೇಕಾಗಿದ್ದದ್ದು ಅವರಿಗೇ ತಾನೆ? ಬೇಲಿಯೇ ಎದ್ದು ಹೊಲ ಮೇಯ್ದರೆ ಎಂದು ನಮ್ಮ ಹಿರಿಯರು ಹೇಳಿದ್ದನ್ನು ನಾವು ಗಾದೆಯೆಂದುಕೊಂಡು ಸುಮ್ಮನಿದ್ದೇವೆ. ಲೆಕ್ಕಪರಿಶೋಧನೆಯ ತಂಡ ಮಾಡಿದ್ದು ಬಹಳ ದೊಡ್ಡ ತಂತ್ರವೇನಲ್ಲ. ಸಂಸ್ಥೆಯ ಹಂಗಿಲ್ಲದ ಹೊರಗಿನವರು ಮಕ್ಕಳ ಜೊತೆ ಕೂತು ಮಾತಾಡಿದರು, ಕೇಳಿದ್ದನ್ನು ಬರೆದರು.

ಇನ್ನು ನನ್ನ ಮುಖ್ಯ ದೂರು. ಅದು ಸಹಾಯವಾಣಿಯ ಮೇಲಿನದ್ದೋ ಸಂಸ್ಥೆಗಳ ಮೇಲಿನದ್ದೋ ಎಂದು ಓದುಗರು ತೀರ್ಮಾನಿಸಲಿ: ಫೋನ್ ಯಾರ ಕೈಯಲ್ಲಿದೆ? ನಾನು ಹೋಗುತ್ತಿದ್ದ ಹಾಸ್ಟೆಲ್ಲಿನಲ್ಲಿ ಹುಡುಗರಿಗೆ ಮೊಬೈಲು ನಿಷಿದ್ಧ, ಅದು ಸರಿಯೇ. ಹದಿನೈದು ದಿನಕ್ಕೊಮ್ಮೆ ಮನೆಗೆ ಮಾತಾಡಿಸುತ್ತಿದ್ದರು. ವ್ಯವಸ್ಥಾಪಕರ ಫೋನಿನಿಂದ, ವ್ಯವಸ್ಥಾಪಕರ ಕೋಣೆಯಲ್ಲಿ, ಸ್ಪೀಕರ್ ಹಾಕಿ. ಸಾಲಿನಲ್ಲಿ ನಿಂತ ಹುಡುಗರು ‘ಚೆನ್ನಾಗಿದೀನಿ ಅವ್ವ, ಊಟ ಆಯ್ತು’ ಎಂದು ಒಬ್ಬರಾದ ಮೇಲೆ ಒಬ್ಬರು ಒಂದೇ ಧಾಟಿಯಲ್ಲಿ ಹೇಳುವುದನ್ನು ನಾನೇ ಎಷ್ಟೋ ಸಲ ಕೇಳಿ, ಶಿಸ್ತು ಚೆನ್ನಾಗಿದೆ ಎಂದು ಮೆಚ್ಚಿಕೊಂಡಿದ್ದೆ. 1098ಕ್ಕೆ ಕರೆ ಮಾಡಬೇಕಾದರೆ ಹುಡುಗ ಮೊದಲು ವ್ಯವಸ್ಥಾಪಕರ ಬಳಿ ಫೋನ್ ಕೇಳಬೇಕು. ಯಾಕೆಂದು ಅವರು ಕೇಳುತ್ತಾರೆ. ಅಲ್ಲಿಗೆ ಸೇವೆ ಮುಗಿಯಿತು. ಸಂಖ್ಯೆ ಗೋಡೆಯ ಮೇಲಿರುತ್ತದೆ, ಹುಡುಗನ ನೆನಪಿನಲ್ಲೂ ಇರುತ್ತದೆ, ಬಳಸುವ ಅವಕಾಶ ಮಾತ್ರ ಹೊಡೆಯುವವರ ಮೇಜಿನ ಡ್ರಾಯರಿನಲ್ಲಿರುತ್ತದೆ. ಆ ಹಾಸ್ಟೆಲ್ಲಿನ 60 ಮಕ್ಕಳಿಗೂ 1098 ಬಾಯಿಪಾಠವಿತ್ತು. ಒಂದು ಕರೆಯೂ ಅಲ್ಲಿಂದ ಹೋಗಿರಲಿಲ್ಲ. ಹೋದದ್ದು ಭಾನುವಾರ ಬಂದುಹೋಗುವ ಒಬ್ಬ ಮುದುಕನ ಫೋನಿನಿಂದ, ಅದೂ ಮೀನಖಂಡ ಕಣ್ಣಿಗೆ ಬಿದ್ದದ್ದರಿಂದ. ಚಡ್ಡಿಯ ಬದಲು ಪ್ಯಾಂಟು ಹಾಕಿದ್ದರೆ ಅದೂ ಇಲ್ಲ.

ಫೋನಿಲ್ಲದ ಮಗುವಿಗೆಂದೇ ಕಾನೂನು ಇನ್ನೊಂದು ದಾರಿ ಮಾಡಿದೆ, ಸಲಹಾ ಪೆಟ್ಟಿಗೆ. ಬಾಲನ್ಯಾಯ ಕಾಯ್ದೆಯಡಿಯ 2016ರ ಮಾದರಿ ನಿಯಮಗಳು ಇದರ ಬಗ್ಗೆ ಎಷ್ಟು ಸೂಕ್ಷ್ಮವಾಗಿ ಯೋಚಿಸಿವೆಯೆಂದರೆ, ಬರೆದವರು ಯಾರೋ ಹಾಸ್ಟೆಲ್ಲಿನಲ್ಲಿ ಬೆಳೆದವರೇ ಇರಬೇಕು ಎನಿಸುತ್ತದೆ. ಪೆಟ್ಟಿಗೆ ಕಚೇರಿಯಿಂದ ದೂರ, ಮಕ್ಕಳು ಮಲಗುವ ಕೋಣೆಗಳ ಹತ್ತಿರ ಇರಬೇಕು. ಅದರ ಬೀಗದ ಕೈ ಸಂಸ್ಥೆಯ ವ್ಯವಸ್ಥಾಪಕರ ಬಳಿಯಲ್ಲ, ವ್ಯವಸ್ಥಾಪನಾ ಸಮಿತಿಯ ಅಧ್ಯಕ್ಷರ ಬಳಿ ಇರಬೇಕು. ವಾರಕ್ಕೊಮ್ಮೆ ಅವರೋ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಬರುವ ಅವರ ಪ್ರತಿನಿಧಿಯೋ, ಅಲ್ಲಿನ ಮಕ್ಕಳದೇ ಆದ ಸಮಿತಿಯ ಸದಸ್ಯರ ಎದುರಿನಲ್ಲೇ ಅದನ್ನು ತೆರೆಯಬೇಕು. ಮಲಗುವ ಕೋಣೆಯ ಹತ್ತಿರ ಎಂಬ ಆ ಒಂದು ಮಾತಿನಲ್ಲಿ ಎಷ್ಟು ಅನುಭವವಿದೆ! ಕಚೇರಿಯ ಮುಂದಿನ ಪೆಟ್ಟಿಗೆಗೆ ಚೀಟಿ ಹಾಕುವ ಹುಡುಗನನ್ನು ಕಚೇರಿಯಲ್ಲಿ ಕೂತವರು ನೋಡುತ್ತಾರೆ, ಸಂಜೆ ಕರೆದು ವಿಚಾರಿಸುತ್ತಾರೆ. ನಾನು ಕಂಡ ಪೆಟ್ಟಿಗೆ ಕಚೇರಿಯ ಬಾಗಿಲಿಗೇ ಮೊಳೆ ಹೊಡೆದು ಕೂರಿಸಿದ್ದು, ಕೀಲಿ ವ್ಯವಸ್ಥಾಪಕರ ಗೊಂಚಲಿನಲ್ಲಿತ್ತು. ಒಳಗೆ ಹಳೆಯ ಹಾಲಿನ ಬಿಲ್ಲುಗಳಿದ್ದವು.

ಇಲ್ಲಿ ತಂದೆತಾಯಿಗಳಿಗೆ ಗೊತ್ತಿಲ್ಲದ, ನನಗೂ ಗೊತ್ತಿರದಿದ್ದ ಒಂದು ವಿಚಾರವಿದೆ. ಮೇಲಿನ ನಿಯಮಗಳೆಲ್ಲ ಬಾಲನ್ಯಾಯ ಕಾಯ್ದೆಯ 41ನೇ ಕಲಮಿನಡಿ ನೋಂದಣಿಯಾದ ಮಕ್ಕಳ ಪಾಲನಾ ಸಂಸ್ಥೆಗಳಿಗೆ, ಅಂದರೆ ಬಾಲಮಂದಿರ, ತೆರೆದ ತಂಗುದಾಣ, ವೀಕ್ಷಣಾಲಯ, ದತ್ತು ಸಂಸ್ಥೆ ಮುಂತಾದವಕ್ಕೆ. ಪಾಲನೆ, ರಕ್ಷಣೆ ಬೇಕಾದ ಮಕ್ಕಳನ್ನು ನೋಂದಣಿಯಿಲ್ಲದೆ ಇಟ್ಟುಕೊಂಡವರಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡೂ ಎಂದು 42ನೇ ಕಲಂ ಹೇಳುತ್ತದೆ. ತಮಿಳುನಾಡಿನ ಅನಾಥಾಲಯಗಳ ದೌರ್ಜನ್ಯದಿಂದ ಶುರುವಾದ ಮೊಕದ್ದಮೆಯಲ್ಲಿ 2017ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್ ಇಂಥ ಸಂಸ್ಥೆಗಳೆಲ್ಲ ಆ ವರ್ಷದ ಕೊನೆಯೊಳಗೆ ನೋಂದಣಿಯಾಗಬೇಕೆಂದಿತ್ತು. 54ನೇ ಕಲಮಿನಂತೆ ತಪಾಸಣಾ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಭೇಟಿ ಕೊಡಬೇಕು. ತಂಡದಲ್ಲಿ ಮೂವರಿಗೆ ಕಡಿಮೆಯಿರಬಾರದು, ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ ಇರಲೇಬೇಕು. ಆದರೆ ಶಾಲೆಗೆ ಹೋಗುವ ಮಕ್ಕಳ ವಸತಿಯೆಂದು ಫಲಕ ಹಾಕಿಕೊಂಡ ಖಾಸಗಿ ಹಾಸ್ಟೆಲ್ಲು, ಮಠಮಂದಿರಗಳ ವಿದ್ಯಾರ್ಥಿನಿಲಯ, ಕೋಚಿಂಗ್ ಹೆಸರಿನ ವಸತಿ, ಇವುಗಳಲ್ಲಿ ಬಹಳಷ್ಟು ‘ನಮ್ಮದು ಪಾಲನಾ ಸಂಸ್ಥೆಯಲ್ಲ’ ಎಂದು ಈ ಚೌಕಟ್ಟಿನ ಆಚೆ ನಿಲ್ಲುತ್ತವೆ. ನಾನು ಹೋಗುತ್ತಿದ್ದ ಹಾಸ್ಟೆಲ್ಲಿನಲ್ಲಿ ತಂದೆತಾಯಿಯಿಲ್ಲದ ಇಬ್ಬರು ಹುಡುಗರು ವರ್ಷಗಟ್ಟಲೆ ಇದ್ದರು. ಅವರಿಗೆ ಅದು ಹಾಸ್ಟೆಲ್ಲೋ, ಅನಾಥಾಲಯವೋ? ಸಹಾಯವಾಣಿಯ ಮೆಚ್ಚತಕ್ಕ ಅಂಶವೆಂದರೆ ಈ ಫಲಕಗಳ ಭೇದ ಅದಕ್ಕಿಲ್ಲ. ಕರೆ ಬಂದರೆ ಎಲ್ಲಿಗಾದರೂ ಹೋಗುತ್ತದೆ.

ಕಾನೂನಿನ ಶಿಕ್ಷೆಯೂ ಎಲ್ಲೆಡೆ ಒಂದೇ ತೂಕದ್ದಲ್ಲ. ಪಾಲನಾ ಸಂಸ್ಥೆಯಲ್ಲಿ ‘ಶಿಸ್ತಿಗಾಗಿ’ ಹೊಡೆದವರಿಗೆ 82ನೇ ಕಲಮಿನಡಿ ಮೊದಲ ಸಲಕ್ಕೆ 10,000 ರೂಪಾಯಿ ದಂಡ. ಕ್ರೌರ್ಯವೆಂದು 75ನೇ ಕಲಮಿನಡಿ ಸಾಬೀತಾದರೆ, ಮಕ್ಕಳ ಪಾಲನೆ ವಹಿಸಿಕೊಂಡ ಸಂಸ್ಥೆಯವರಿಗೆ ಐದು ವರ್ಷದವರೆಗೆ ಕಠಿಣ ಸಜೆ ಮತ್ತು 5 ಲಕ್ಷದವರೆಗೆ ದಂಡ. ಬಾಸುಂಡೆ ಒಂದೇ, ಬರೆಯುವವರ ಲೇಖನಿಯ ಮೇಲೆ ಅದರ ಬೆಲೆ. ಆದ್ದರಿಂದಲೇ ಕರೆ ಸ್ವೀಕರಿಸಿದವರು ‘ಎಷ್ಟು ಸಲ, ಯಾವುದರಿಂದ, ಎಷ್ಟು ಮಕ್ಕಳಿಗೆ’ ಎಂದು ಬಿಡಿಸಿ ಕೇಳಿದ್ದು. ಕೇಳುವಾಗ ನನಗೆ ಕೊಂಚ ಕಿರಿಕಿರಿಯಾಗಿತ್ತು, ಆಮೇಲೆ ಅರ್ಥವಾಯಿತು.

ಲೈಂಗಿಕ ದೌರ್ಜನ್ಯದ ಮಾತು ಬಂದರೆ ಆಯ್ಕೆಯ ಪ್ರಶ್ನೆಯೇ ಇಲ್ಲ. 2012ರ ನವೆಂಬರ್‌ನಿಂದ ಜಾರಿಯಲ್ಲಿರುವ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ತಿಳಿದವರೆಲ್ಲರೂ ತಿಳಿಸಲೇಬೇಕು. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಮೊಕದ್ದಮೆಯೂ ನಿಲ್ಲುವುದಿಲ್ಲ. ತನ್ನ ಕೈಕೆಳಗಿನವನ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಜೈಲಾಗಬಹುದು. ‘ಸಂಸ್ಥೆಯ ಮರ್ಯಾದೆ ಪ್ರಶ್ನೆ, ನಾವೇ ಒಳಗೆ ಸರಿಮಾಡಿಕೊಳ್ತೇವೆ’ ಎನ್ನುವ ಮಾತು ಆ ಕ್ಷಣದಿಂದಲೇ ಅಪರಾಧದ ಅಂಚಿನಲ್ಲಿರುತ್ತದೆಂದು ಟ್ರಸ್ಟಿಗಳಲ್ಲಿ ಎಷ್ಟು ಜನಕ್ಕೆ ಗೊತ್ತು? ಮಕ್ಕಳ ನಡುವೆ ಕೆಲಸ ಮಾಡುವ ಪ್ರತಿಯೊಬ್ಬರ ಪೂರ್ವಾಪರವನ್ನು ಪೊಲೀಸರ ಮೂಲಕ ಪರಿಶೀಲಿಸಬೇಕೆಂದು 2020ರ ಪೋಕ್ಸೊ ನಿಯಮಗಳು ಹೇಳುತ್ತವೆ. ಅಡುಗೆಮನೆಗೆ ಬಂದವನು ರಾತ್ರಿ ಕಾಯುವವನಾಗುವಾಗ ಆ ಪರಿಶೀಲನೆಯನ್ನು ಮಾಡಿಸಿದವರಿರಲಿಲ್ಲ.

ಇನ್ನು ಕರೆಯ ನಂತರದ ಕಥೆ. ಆ ಹುಡುಗನ ತಾಯಿ ಕೂಲಿ ಮಾಡುವವರು, ಗಂಡ ತೀರಿಹೋಗಿದ್ದಾರೆ. ಮಕ್ಕಳ ಕಲ್ಯಾಣ ಸಮಿತಿ ಮನೆಯ ಸ್ಥಿತಿಯ ವರದಿ ತರಿಸಿಕೊಂಡು ಹುಡುಗನನ್ನು ತಾಯಿಯ ಬಳಿಗೇ ಕಳಿಸಿತು. ಒಂದು ದಿನ ಸಂತೆಯಲ್ಲಿ ಆಕೆ ನನ್ನನ್ನು ನಿಲ್ಲಿಸಿ ಕೇಳಿದರು: ‘ಮೇಷ್ಟ್ರೇ, ಅಲ್ಲಿ ಎರಡು ಹೊತ್ತು ಊಟ ಇತ್ತು, ಇಸ್ಕೂಲಿತ್ತು. ಏಟು ಮನೇಲೂ ಬೀಳ್ತಾವೆ. ಈಗ ನಾನು ಕೂಲಿಗೆ ಹೋದ್ರೆ ಇವನನ್ನ ಯಾರು ನೋಡ್ಬೇಕು? ನೀವು ಫೋನ್ ಮಾಡಿ ಪುಣ್ಯ ಕಟ್ಕೊಂಡ್ರಿ, ಅನ್ನ ಹಾಕೋರು ಯಾರು?’ ನನ್ನಲ್ಲಿ ಉತ್ತರವಿರಲಿಲ್ಲ. ಹಾಸ್ಟೆಲ್ಲುಗಳಲ್ಲಿ ಪೆಟ್ಟು ಮುಂದುವರಿಯುವುದಕ್ಕೆ ಹೊಡೆಯುವವನ ಕೈಯಷ್ಟೇ ಕಾರಣವಲ್ಲ, ಈ ಅನ್ನದ ಲೆಕ್ಕವೂ ಕಾರಣ. ಮಗು ಅದನ್ನು ಬಲ್ಲದು. ಬಿದ್ದೆ ಎಂದು ಅವನು ಸುಳ್ಳು ಹೇಳಿದ್ದು ಹೆದರಿಕೆಯಿಂದಲೇ ಎಂದುಕೊಂಡಿದ್ದೆ. ಅವ್ವನಿಗೆ ಹೊರೆಯಾಗಬಾರದೆಂಬುದೂ ಅದರಲ್ಲಿ ಸೇರಿತ್ತು.

ಇದಕ್ಕೆ ಕಾನೂನಿನಲ್ಲಿ ಉತ್ತರವಿಲ್ಲವೆಂದಲ್ಲ. ಮಗುವನ್ನು ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿಯಾಗಬೇಕು, ಸಾಧ್ಯವಾದಷ್ಟೂ ಮಗು ತನ್ನ ಕುಟುಂಬದಲ್ಲೇ ಇರಬೇಕೆಂಬುದು ಬಾಲನ್ಯಾಯ ಕಾಯ್ದೆಯ ಮೂಲತತ್ವಗಳಲ್ಲೇ ಇದೆ. ಅದಕ್ಕೆಂದೇ ಮಿಷನ್ ವಾತ್ಸಲ್ಯದಡಿ ಪ್ರಾಯೋಜಕತ್ವವಿದೆ: ವಿಧವೆಯರ ಮಕ್ಕಳಂಥವರಿಗೆ, ಕುಟುಂಬದ ವರಮಾನ ಹಳ್ಳಿಯಲ್ಲಿ ವರ್ಷಕ್ಕೆ 72,000 ರೂಪಾಯಿಯ ಒಳಗಿದ್ದರೆ, ಮಗುವಿನ ಹೆಸರಿನಲ್ಲಿ ತಿಂಗಳಿಗೆ 4,000 ರೂಪಾಯಿ. ಹಾಸ್ಟೆಲ್ಲಿಗೆ ಸೇರಿಸುವ ಮೊದಲೇ ಯಾರಾದರೂ ಆಕೆಗೆ ಇದನ್ನು ಹೇಳಿದ್ದರೆ ಆ ಹುಡುಗ ಅಲ್ಲಿಗೆ ಹೋಗುತ್ತಲೇ ಇರಲಿಲ್ಲವೇನೋ. ಜಿಲ್ಲಾ ಘಟಕದ ಸಮಾಜ ಕಾರ್ಯಕರ್ತೆಯೊಬ್ಬರು ಅರ್ಜಿ ಬರೆಸಿದರು. ವರಮಾನ ಪತ್ರ, ಆಧಾರ್, ಬ್ಯಾಂಕ್ ಪುಸ್ತಕ, ಮರಣ ಪತ್ರ. ಮರಣ ಪತ್ರದಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದ್ದರಿಂದ ನಾವಿಬ್ಬರೂ ನಾಡಕಚೇರಿಗೆ ಮೂರು ಸಲ ಓಡಾಡಿದೆವು. ನನ್ನ ನಿವೃತ್ತಿ ಅಷ್ಟರಮಟ್ಟಿಗೆ ಸಾರ್ಥಕ. ಹಣ ಈಗ ಬರುತ್ತಿದೆ. ಸಹಾಯವಾಣಿಯ ಕೆಲಸ ಕರೆ ಮುಗಿದ ಕೂಡಲೇ ಮುಗಿಯುವುದಿಲ್ಲ, ಆದರೆ ಅದರ ಮುಂದಿನ ಅರ್ಧ ಭಾಗವನ್ನು ಹೊರಗಿನವರು ಯಾರಾದರೂ ಜೊತೆಗೆ ನಿಂತು ನಡೆಸಬೇಕಾಗುತ್ತದೆ. ಕರೆ ಮಾಡಬೇಕೆಂದಿರುವವರು ಇದನ್ನು ತಿಳಿದೇ ಕರೆ ಮಾಡುವುದು ಒಳ್ಳೆಯದು.

ಅಂಕ ಕೊಡುವುದು ನನ್ನ ಹಳೆಯ ಚಟ. ಕರೆ ಸ್ವೀಕರಿಸಿದ ರೀತಿಗೆ ಐದಕ್ಕೆ ಐದು. ಜಿಲ್ಲೆಯ ತಂಡ ಬಂದು ಮಕ್ಕಳೊಡನೆ ಮಾತಾಡಿದ ರೀತಿಗೂ ಐದು. ನಂತರದ ನೆರವಿಗೆ ನಾಲ್ಕು, ಆ ಒಂದು ಅಂಕ ಕಳೆದದ್ದು ಸೇವೆಯವರ ತಪ್ಪಿನಿಂದಲ್ಲ, ಕಾಗದಪತ್ರಗಳ ಭಾರದಿಂದ. ಸಂಸ್ಥೆಯೊಳಗಿನ ಮಗು ತಾನಾಗಿ ಈ ಸೇವೆಯನ್ನು ತಲುಪುವ ಸೌಲಭ್ಯಕ್ಕೆ ಒಂದೇ ಒಂದು, ಅದೂ ಗೋಡೆಯ ಮೇಲೆ ಸಂಖ್ಯೆ ಬರೆದ ಪೇಂಟರನಿಗೆ.

ನಾನು ಆ ಹಾಸ್ಟೆಲ್ಲಿಗೆ ಈಗಲೂ ಹೋಗುತ್ತೇನೆ. ಹೊಸ ವ್ಯವಸ್ಥಾಪಕರು ಬಂದಿದ್ದಾರೆ, ರಾತ್ರಿಗೆ ಮೇಲ್ವಿಚಾರಕರಿದ್ದಾರೆ. ಸಲಹಾ ಪೆಟ್ಟಿಗೆಯನ್ನು ಕಚೇರಿಯ ಬಾಗಿಲಿನಿಂದ ಕಿತ್ತು, ಮೇಲೆ ಮಲಗುವ ಕೋಣೆಗೆ ಹೋಗುವ ಮೆಟ್ಟಿಲ ತಿರುವಿನಲ್ಲಿ ಹಾಕಿದ್ದಾರೆ. ಕಳೆದ ಭಾನುವಾರ ಏಳನೆಯ ತರಗತಿಯ ಹುಡುಗನೊಬ್ಬ ಲೆಕ್ಕ ಬಿಡಿಸುತ್ತ ಬಿಡಿಸುತ್ತ, ತಲೆಯೆತ್ತದೆ, ‘ಸಾರ್, ಆ ಡಬ್ಬಿ ಕೀಲಿ ಯಾರ ಹತ್ರ ಇರುತ್ತೆ?’ ಎಂದು ಕೇಳಿದ. ಹೋಗಿ ವಿಚಾರಿಸಿದೆ. ಹೊಸ ವ್ಯವಸ್ಥಾಪಕರ ಬಳಿ ಇದೆ. ಕೀಲಿ ಹೊರಗಿನವರ ಕೈಗೆ ಹೋಗಬೇಕೆಂದು ಟ್ರಸ್ಟಿಗೂ ಜಿಲ್ಲಾ ಘಟಕಕ್ಕೂ ಸೋಮವಾರ ಪತ್ರ ಬರೆದು ಅಂಚೆಗೆ ಹಾಕಿದ್ದೇನೆ.